ಎರಡು ಕೈ, ಒಂದು ಮೇಲ್ಮೈ: ದಂಪತಿಗಳು ಕೂಡಿ ಫೋಟೋರಿಯಲಿಸ್ಟ್ ಚಿತ್ರ ಬರೆಯುವ ಬಗೆ

ನಾನು ಮತ್ತು ನಮ್ಮವರು ಕೂಡಿ ಬರೆದ ಮೊದಲ ದೊಡ್ಡ ಚಿತ್ರದ ನಟ್ಟನಡುವೆ ಒಂದು ಗೆರೆ ಕಾಣುತ್ತಿತ್ತು. ಆ ಗೆರೆಯನ್ನು ಯಾರೂ ಎಳೆದಿರಲಿಲ್ಲ. ಮಡಚಿದ ಬಿಳಿ ಬಟ್ಟೆ, ಅದರ ಮೇಲೆ ಮುಕ್ಕಾಲು ನೀರು ತುಂಬಿದ ಗಾಜಿನ ಲೋಟ, ಲೋಟದೊಳಗೆ ನಿಲ್ಲಿಸಿದ ಒಂದು ಸ್ಟೀಲ್ ಚಮಚ, ಚಿತ್ರದ ವಸ್ತು ಇಷ್ಟೇ. ಎಡ ಅರ್ಧವನ್ನು ನಾನೂ ಬಲ ಅರ್ಧವನ್ನು ಅವರೂ ವಹಿಸಿಕೊಂಡಿದ್ದೆವು. ಹತ್ತಿರದಿಂದ ನೋಡಿದರೆ ಎರಡು ಭಾಗಗಳೂ ಚೆನ್ನಾಗಿಯೇ ಇದ್ದವು. ಮೂರು ಮೀಟರ್ ಹಿಂದೆ ಸರಿದು ನಿಂತಾಗ ಮಾತ್ರ ಎಡಗಡೆಯ ಬಿಳಿ ಹಳದಿಯತ್ತಲೂ ಬಲಗಡೆಯ ಬಿಳಿ ನೀಲಿಯತ್ತಲೂ ವಾಲಿ, ಒಂದೇ ಬಟ್ಟೆ ಎರಡು ಬಟ್ಟೆಗಳಂತೆ ತೋರುತ್ತಿತ್ತು. ಇಬ್ಬರೂ ಬಳಸಿದ್ದು ಅವೇ ಟ್ಯೂಬುಗಳು, ಅದೇ ಫೋಟೋ. ಆದರೆ ನಾನು ಹಗಲಿನಲ್ಲಿ ಕಿಟಕಿಯ ಪಕ್ಕ ಕುಳಿತು ಬರೆದಿದ್ದೆ, ಅವರು ರಾತ್ರಿ ಹಳದಿ ದೀಪದ ಕೆಳಗೆ ಬರೆದಿದ್ದರು. ಆ ದೀಪದಲ್ಲಿ ನೀಲಿ ಮಂಕಾಗಿ ಕಾಣುವುದರಿಂದ ಅವರ ಕೈ ತಾನಾಗಿಯೇ ಒಂದಿಷ್ಟು ಹೆಚ್ಚು ನೀಲಿಯನ್ನು ಬೆರೆಸಿತ್ತು.

ಇಬ್ಬರು ಸೇರಿ ಫೋಟೋದಷ್ಟೇ ನಿಖರವಾದ ಚಿತ್ರ ಬರೆಯುವಾಗ ಎದುರಾಗುವ ಮುಖ್ಯ ತೊಡಕು ಇದೇ. ಒಬ್ಬರೇ ಬರೆಯುವವರಿಗೆ ಕೌಶಲವೊಂದಿದ್ದರೆ ಸಾಕು. ಇಬ್ಬರು ಬರೆಯುವಾಗ ಕೌಶಲದ ಜೊತೆಗೆ ಬೆಳಕು, ಬಣ್ಣ, ಅಂಚು ಮತ್ತು ಮಾತು ಈ ನಾಲ್ಕರಲ್ಲಿ ಒಪ್ಪಂದ ಬೇಕು. ಆ ಒಪ್ಪಂದಕ್ಕೆ ಬರುವ ಬಗೆಯನ್ನು, ನಮಗೆ ಕೈಹಿಡಿದ ಕ್ರಮದಲ್ಲಿಯೇ, ಇಲ್ಲಿ ವಿವರಿಸುತ್ತೇನೆ. ಕುಂಚ ಹಿಡಿದು ಕೆಲವು ಕಾಲವಾದರೂ ಅಭ್ಯಾಸ ಮಾಡಿದ ಇಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಿದು.

ಕೆಲಸದ ಹಂಚಿಕೆ

ಒಂದೇ ಚಿತ್ರವನ್ನು ಇಬ್ಬರು ಬರೆಯುವುದು ಹೊಸದೇನಲ್ಲ. ಹದಿನೇಳನೆಯ ಶತಮಾನದ ಆರಂಭದಲ್ಲಿ ಆಂಟ್‌ವರ್ಪ್ ನಗರದ ಪೀಟರ್ ಪಾಲ್ ರೂಬೆನ್ಸ್ ಮತ್ತು ಹಿರಿಯ ಯಾನ್ ಬ್ರೂಗಲ್ ಎಂಬ ಗೆಳೆಯರು ಹಲವು ಚಿತ್ರಗಳನ್ನು ಜೊತೆಯಾಗಿ ಬರೆದರು. ಸುಮಾರು 1615ರಲ್ಲಿ ರಚಿತವಾಗಿ ಈಗ ಹೇಗ್ ನಗರದ ಮೌರಿತ್ಸ್‌ಹೌಸ್ ಸಂಗ್ರಹಾಲಯದಲ್ಲಿರುವ ಈಡನ್ ತೋಟದ ಚಿತ್ರದಲ್ಲಿ ಆದಾಮ ಮತ್ತು ಹವ್ವರನ್ನು ಬರೆದವರು ರೂಬೆನ್ಸ್. ಗಿಡಮರಗಳು ಮತ್ತು ಪ್ರಾಣಿಪಕ್ಷಿಗಳಲ್ಲಿ ಬಹುಪಾಲು ಬ್ರೂಗಲ್ ಅವರದು. ಅಲ್ಲಿ ಎರಡು ಕೈಗಳ ಗುರುತು ಬೇರೆಬೇರೆಯಾಗಿ ಸಿಗುವುದೇ ನೋಡುಗರ ಸಂತೋಷ. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ರೂಪುಗೊಂಡ ಫೋಟೋರಿಯಲಿಸಂನಲ್ಲಿ ಆ ಹಂಚಿಕೆ ಸಲ್ಲುವುದಿಲ್ಲ. ಕ್ಯಾಮೆರಾದ ಲೆನ್ಸ್‌ಗೆ ವಸ್ತುಗಳ ನಡುವೆ ತಾರತಮ್ಯವಿಲ್ಲ. ಅದು ಚಮಚವನ್ನೂ ಬಟ್ಟೆಯನ್ನೂ ಒಂದೇ ನಿರ್ಲಿಪ್ತತೆಯಿಂದ ದಾಖಲಿಸುತ್ತದೆ. ಆ ನಿರ್ಲಿಪ್ತತೆಯನ್ನು ಕ್ಯಾನ್ವಾಸಿಗೆ ತರಬೇಕಾದ ನಮ್ಮಲ್ಲಿ ಒಬ್ಬರು ಚಮಚವನ್ನೂ ಇನ್ನೊಬ್ಬರು ಬಟ್ಟೆಯನ್ನೂ ಬರೆದರೆ, ಎರಡರ ನಡುವೆ ಕತ್ತರಿಸಿ ಅಂಟಿಸಿದಂತಹ ಅಂಚು ಉಳಿದುಬಿಡುತ್ತದೆ.

ಆದ್ದರಿಂದ ಜಾಗವನ್ನು ಹಂಚಿಕೊಳ್ಳಬೇಡಿ, ಪದರಗಳನ್ನು ಹಂಚಿಕೊಳ್ಳಿ. ಒಬ್ಬರು ಇಡೀ ಕ್ಯಾನ್ವಾಸಿನ ಮೇಲೆ ರೇಖೆ ಮತ್ತು ಬೂದುಬಣ್ಣದ ನೆರಳು-ಬೆಳಕನ್ನು ಮುಗಿಸಲಿ. ಇನ್ನೊಬ್ಬರು ಇಡೀ ಕ್ಯಾನ್ವಾಸಿನ ಮೇಲೆ ಬಣ್ಣದ ಪದರಗಳನ್ನು ಹಾಕಲಿ. ಅಂಚುಗಳನ್ನು ಮೃದುಗೊಳಿಸುವ ಮತ್ತು ಹರಿತಗೊಳಿಸುವ ಕೊನೆಯ ಸುತ್ತನ್ನು ಮತ್ತೆ ಒಬ್ಬರೇ ಮಾಡಲಿ. ಹೀಗೆ ಮಾಡಿದಾಗ ಪ್ರತಿಯೊಂದು ಅಂಗುಲದ ಮೇಲೂ ಇಬ್ಬರ ಕೈ ಹಾದಿರುತ್ತದೆ, ಆದ್ದರಿಂದ ಒಬ್ಬರ ಜಾಗ ಮುಗಿದು ಇನ್ನೊಬ್ಬರದು ಶುರುವಾಗುವ ಸ್ಥಳವೇ ಚಿತ್ರದಲ್ಲಿ ಇರುವುದಿಲ್ಲ.

ಯಾರಿಗೆ ಯಾವ ಪದರ ಎಂಬುದನ್ನು ಆಸೆಯ ಮೇಲೆ ನಿರ್ಧರಿಸದೆ ಪರೀಕ್ಷೆಯ ಮೇಲೆ ನಿರ್ಧರಿಸುವುದು ಒಳ್ಳೆಯದು. ಒಂದು ಫೋಟೋದಲ್ಲಿ ಹತ್ತು ಸೆಂಟಿಮೀಟರ್ ಚೌಕವೊಂದನ್ನು ಗುರುತಿಸಿ, ಇಬ್ಬರೂ ಒಬ್ಬರದನ್ನೊಬ್ಬರು ನೋಡದೆ ಅದನ್ನು ಬರೆಯಿರಿ. ಆಮೇಲೆ ಎರಡನ್ನೂ ಫೋನಿನಲ್ಲಿ ಸೆರೆಹಿಡಿದು ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿ. ಬಣ್ಣ ಹೋದ ಮೇಲೆ ಯಾರದು ಮೂಲ ಫೋಟೋಗೆ ಹತ್ತಿರವಿದೆಯೋ ಅವರ ಕಣ್ಣು ಛಾಯೆಯನ್ನು ಚೆನ್ನಾಗಿ ಅಳೆಯುತ್ತದೆ. ಬೂದು ಪದರ ಅವರದಾಗಲಿ. ನಮ್ಮಲ್ಲಿ ಆ ಕಣ್ಣು ನಮ್ಮವರದು. ಬಣ್ಣದಲ್ಲಿ ನಾನೇ ನಿಪುಣೆ ಎಂದು ಮೊದಲಿನಿಂದ ನಂಬಿದ್ದೆ, ಪರೀಕ್ಷೆಯೂ ಹಾಗೆಯೇ ಹೇಳಿತು. ಆದರೆ ಅಂಚುಗಳ ವಿಷಯದಲ್ಲಿ ನನ್ನ ಅವಸರ ಅಲ್ಲಿ ಸ್ಪಷ್ಟವಾಗಿ ಬಯಲಾದ್ದರಿಂದ ಕೊನೆಯ ಸುತ್ತು ಕೂಡ ಅವರ ಪಾಲಿಗೇ ಹೋಯಿತು.

ಇದೇ ಹಂತದಲ್ಲಿ ಇಬ್ಬರೂ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ, ವಿಶೇಷವಾಗಿ ಬಣ್ಣಗುರುಡಿನ ಪರೀಕ್ಷೆ. ಕೆಂಪು-ಹಸಿರು ವ್ಯತ್ಯಾಸ ಸರಿಯಾಗಿ ಕಾಣದವರಲ್ಲಿ ಪುರುಷರೇ ಹೆಚ್ಚು, ಎಷ್ಟೋ ಜನರಿಗೆ ಅದು ತಮಗಿದೆಯೆಂಬುದೇ ತಿಳಿದಿರುವುದಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಮೆಲ್ಲಗೆ ಹಳದಿಗಟ್ಟುವುದರಿಂದ ದಂಪತಿಗಳಲ್ಲಿ ಕಿರಿಯರಿಗೆ ನೀಲಿ ಮತ್ತು ನೇರಳೆಯ ಸೂಕ್ಷ್ಮಗಳು ಹೆಚ್ಚು ತಿಳಿಯಬಹುದು. ಇದು ಕುಂದುಕೊರತೆಯ ಮಾತಲ್ಲ. ಯಾವ ಪ್ರಶ್ನೆಗೆ ಯಾರ ಕಣ್ಣನ್ನು ನಂಬಬೇಕು ಎಂಬುದು ಮೊದಲೇ ಗೊತ್ತಿದ್ದರೆ ಮುಂದಿನ ಎಷ್ಟೋ ವಾದಗಳು ತಪ್ಪುತ್ತವೆ.

ಬೆಳಕು ಮತ್ತು ಫೋಟೋ

ಕೆಲಸ ಮಾಡುವ ಜಾಗದಲ್ಲಿ ಹಗಲಿರುಳೂ ಒಂದೇ ಬೆಳಕಿರಬೇಕು. ಸುಮಾರು 5000 ಕೆಲ್ವಿನ್ ವರ್ಣತಾಪದ, ಅಂದರೆ ಹಗಲಿನಂತಹ ಬಿಳಿ ಬೆಳಕಿನ, ಬಣ್ಣಗಳನ್ನು ನಿಜವಾಗಿ ತೋರಿಸುವ ಗುಣಾಂಕ (CRI) 90ಕ್ಕಿಂತ ಮೇಲಿರುವ ದೀಪಗಳನ್ನು ಹಾಕಿ, ಕಿಟಕಿಯ ಬೆಳಕು ಬದಲಾಗುತ್ತಿದ್ದರೆ ಪರದೆ ಎಳೆದುಬಿಡಿ. ಮುದ್ರಿತ ಫೋಟೋದಲ್ಲಿರುವ ಶಾಯಿಯೂ ನಿಮ್ಮ ಬಣ್ಣದ ಪುಡಿಯೂ ಬೇರೆಬೇರೆ ವಸ್ತುಗಳಾದ್ದರಿಂದ, ಒಂದು ಬೆಳಕಿನಲ್ಲಿ ತಾಳೆಯಾದ ಎರಡು ಬಣ್ಣಗಳು ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣುವುದುಂಟು. ನಮ್ಮ ಮೊದಲ ಚಿತ್ರದ ಗೆರೆ ಹುಟ್ಟಿದ್ದು ಅಲ್ಲಿಯೇ.

ಫೋಟೋವನ್ನು ನೀವೇ ತೆಗೆಯಿರಿ. ಬೇರೆಯವರದಾದರೆ ಬರಹದಲ್ಲಿ ಅನುಮತಿ ಪಡೆಯಿರಿ. ಮೇಜಿನ ಮೇಲಿನ ವಸ್ತುಗಳಿಗೆ 85 ಅಥವಾ 100 ಮಿಲಿಮೀಟರ್ ಲೆನ್ಸ್ ಹಾಕಿ ದೂರದಿಂದ ತೆಗೆದರೆ, ಫೋನನ್ನು ಹತ್ತಿರ ಹಿಡಿದಾಗ ಬರುವ ಉಬ್ಬು ತಪ್ಪುತ್ತದೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ನಿಲ್ಲಿಸಿ ಮೂರು ಚಿತ್ರಗಳನ್ನು ತೆಗೆಯಬೇಕು: ಒಂದು ಸಾಧಾರಣವಾದದ್ದು, ಒಂದು ನೆರಳಿನೊಳಗಿನ ವಿವರ ಕಾಣುವಂತೆ ತುಸು ಬೆಳ್ಳಗಿನದು, ಇನ್ನೊಂದು ಹೊಳಪಿನೊಳಗಿನ ವಿವರ ಉಳಿಯುವಂತೆ ತುಸು ಕಪ್ಪಗಿನದು. ಒಂದೇ ಫೋಟೋವನ್ನು ನಂಬಿಕೊಂಡರೆ ಚಮಚದ ಹೊಳಪು ಬರಿಯ ಬಿಳಿ ತೂತಾಗಿಯೂ ನೆರಳು ಕರಿ ಮಸಿಯಾಗಿಯೂ ಕ್ಯಾನ್ವಾಸಿನ ಮೇಲೆ ಬಂದು ಕೂರುತ್ತದೆ.

ಬಣ್ಣ ಕಲಸುವಾಗ ತೆರೆಯನ್ನು ನೋಡಬೇಡಿ, ಮುದ್ರಿತ ಪ್ರತಿಯನ್ನು ನೋಡಿ. ತೆರೆ ತಾನೇ ಬೆಳಕು ಸೂಸುತ್ತದೆ, ಬಣ್ಣವಾದರೋ ಬಿದ್ದ ಬೆಳಕನ್ನು ಹಿಂತಿರುಗಿಸುತ್ತದೆ ಅಷ್ಟೆ. ತೆರೆಯ ಬಿಳುಪನ್ನು ಯಾವ ಟ್ಯೂಬಿನಿಂದಲೂ ಮುಟ್ಟಲಾಗದು. ತೆರೆಯಲ್ಲಿ ವಿವರಗಳನ್ನು ಹಿಗ್ಗಿಸಿ ನೋಡಲು ಅಡ್ಡಿಯಿಲ್ಲ. ಇಬ್ಬರಿಗೂ ಒಂದೊಂದು ಪ್ರತಿ ಬೇಕೆನಿಸಿದರೆ ಎರಡನ್ನೂ ಒಂದೇ ಯಂತ್ರದಿಂದ, ಒಂದೇ ಹೊತ್ತಿನಲ್ಲಿ ಮುದ್ರಿಸಿಕೊಳ್ಳಿ.

ಕ್ಯಾನ್ವಾಸ್ ಮತ್ತು ರೇಖೆ

ಕ್ಯಾನ್ವಾಸಿನ ನೇಯ್ಗೆ ಎದ್ದು ಕಂಡರೆ ಗಾಜು ಗಾಜಾಗುವುದಿಲ್ಲ. ಮೂರು ನಾಲ್ಕು ಸಲ ತೆಳುವಾಗಿ ಗೆಸ್ಸೊ (ಬಣ್ಣಕ್ಕೆ ತಳವಾಗುವ ಬಿಳಿ ಲೇಪ) ಹಚ್ಚಿ, ಪ್ರತಿ ಪದರ ಒಣಗಿದ ಮೇಲೆ 320 ಅಥವಾ 400 ನಂಬರಿನ ಉಜ್ಜುಕಾಗದದಿಂದ ನುಣುಪು ಮಾಡಿ. ಉಜ್ಜುವಾಗ ಮುಖಕ್ಕೆ ಮಾಸ್ಕ್ ಇರಲಿ.

ರೇಖೆಯನ್ನು ವರ್ಗಾಯಿಸಲು ಚೌಕಗಳ ಪದ್ಧತಿಯೇ ನಮಗೆ ಹಿಡಿಸಿದ್ದು. ಅದು ಬಹಳ ಹಳೆಯದು; ದಾರಗಳಿಂದ ಚೌಕಚೌಕವಾಗಿ ಭಾಗಿಸಿದ ತೆಳುಬಟ್ಟೆಯ ಮೂಲಕ ನೋಡಿ ಚಿತ್ರಿಸುವುದನ್ನು ಇಟಲಿಯ ಲಿಯೋನ್ ಬಟಿಸ್ಟಾ ಆಲ್ಬರ್ಟಿ 1435ರಲ್ಲಿಯೇ ವಿವರಿಸಿದ್ದರು. ಅಮೆರಿಕದ ಚಿತ್ರಕಾರ ಚಕ್ ಕ್ಲೋಸ್ 1967-68ರಲ್ಲಿ ಬರೆದ ತಮ್ಮದೇ ಮುಖದ ಚಿತ್ರ ಸುಮಾರು 2.7 ಮೀಟರ್ ಎತ್ತರವಿದೆ. ಫೋಟೋದ ಮೇಲೆ ಚೌಕಗಳನ್ನೆಳೆದು, ಅವುಗಳನ್ನು ಹಿಗ್ಗಿಸಿ ಕ್ಯಾನ್ವಾಸಿಗೆ ತಂದು ಅದನ್ನವರು ಬರೆದರು. ಆಡ್ರೇ ಫ್ಲ್ಯಾಕ್ ಅವರಂತಹ ಕಲಾವಿದರು ಸ್ಲೈಡನ್ನು (ಪಾರದರ್ಶಕ ಫಿಲ್ಮಿನ ಫೋಟೋವನ್ನು) ನೇರವಾಗಿ ಕ್ಯಾನ್ವಾಸಿನ ಮೇಲೆ ಬಿಂಬಿಸಿ ಬರೆದರು. ಪ್ರೊಜೆಕ್ಟರ್ ಬಳಸಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಯಂತ್ರ ತುಸು ವಾಲಿದ್ದರೂ ಚೌಕ ಹೋಗಿ ಓರೆಯಾದ ಚತುರ್ಭುಜವಾಗುತ್ತದೆ. ಮೊದಲು ಒಂದು ಚೌಕವನ್ನು ಬಿಂಬಿಸಿ, ಅದರ ನಾಲ್ಕು ಬದಿಗಳು ಒಂದಕ್ಕೊಂದು ಸಮನಾಗಿವೆಯೇ, ಎರಡು ಕರ್ಣಗಳೂ ಸಮನಾಗಿವೆಯೇ ಎಂದು ಅಳೆದ ಮೇಲೆಯೇ ಪೆನ್ಸಿಲ್ ಹಿಡಿಯಿರಿ. ಇಬ್ಬರಿದ್ದಾಗ ಇಲ್ಲಿ ಒಂದು ದೊಡ್ಡ ಅನುಕೂಲವಿದೆ: ಒಬ್ಬರು ಗೆರೆ ಹಾಕಿದ ಮೇಲೆ ಇನ್ನೊಬ್ಬರು ಫೋಟೋವನ್ನೂ ಕ್ಯಾನ್ವಾಸನ್ನೂ ತಲೆಕೆಳಗಾಗಿ ನಿಲ್ಲಿಸಿ ಅಳತೆ ಹಿಡಿದು ನೋಡಬೇಕು. ಲೋಟದ ಬಾಯಿಯ ಅಂಡಾಕಾರ ಒಂದು ಬದಿಗೆ ಜಗ್ಗಿದ್ದರೆ, ಬರೆದವರ ಕಣ್ಣಿಗೆ ಬೀಳದ ಆ ತಪ್ಪು ಹೊಸ ಕಣ್ಣಿಗೆ ತಕ್ಷಣ ಬೀಳುತ್ತದೆ.

ಬಣ್ಣದ ಪುಸ್ತಕ

ಜಂಟಿ ಚಿತ್ರ ಉಳಿಯುವುದೂ ಕೆಡುವುದೂ ಬಣ್ಣ ಕಲಸುವ ಮೇಜಿನ ಮೇಲೆ. ಇಬ್ಬರೂ ತಮತಮಗೆ ಬೇಕಾದಾಗ ಬೇಕಾದಷ್ಟು ಕಲಸಿಕೊಂಡರೆ ಒಂದೇ ನೆರಳಿಗೆ ಹತ್ತು ಬೂದುಬಣ್ಣಗಳು ಹುಟ್ಟುತ್ತವೆ. ಆದ್ದರಿಂದ ಚಿತ್ರ ಶುರುಮಾಡುವ ಮೊದಲು ಒಂದು ಇಡೀ ದಿನವನ್ನು ಬಣ್ಣ ಕಲಸುವುದಕ್ಕೇ ಮೀಸಲಿಡಿ. ಟ್ಯೂಬುಗಳು ಐದಾರಕ್ಕಿಂತ ಹೆಚ್ಚು ಬೇಡ. ನಮ್ಮ ಲೋಟದ ಚಿತ್ರಕ್ಕೆ ಟೈಟಾನಿಯಂ ವೈಟ್, ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಅಂಬರ್, ಯೆಲ್ಲೋ ಓಕರ್ ಮತ್ತು ಒಂದು ಕೆಂಪು ಸಾಕಾದವು. ಕರಿಬಣ್ಣದ ಟ್ಯೂಬನ್ನು ತೆರೆಯಲೇ ಇಲ್ಲ, ಏಕೆಂದರೆ ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಅಂಬರ್ ಬೆರೆತಾಗ ಬರುವ ಕಡುಗಪ್ಪನ್ನು ಬೇಕಾದಂತೆ ನೀಲಿಯತ್ತಲೋ ಕಂದಿನತ್ತಲೋ ತಿರುಗಿಸಬಹುದು.

ಫೋಟೋದ ಒಂದು ಬಣ್ಣವನ್ನು ನಿಜವಾಗಿ ನೋಡಲು, ಬೂದುಬಣ್ಣದ ರಟ್ಟಿನಲ್ಲಿ ಅರ್ಧ ಸೆಂಟಿಮೀಟರ್ ಅಗಲದ ತೂತು ಮಾಡಿ ಅದನ್ನು ಫೋಟೋದ ಮೇಲಿಡಿ. ಸುತ್ತಲಿನ ಬಣ್ಣಗಳು ಮರೆಯಾದಾಗ ಮನಸ್ಸು ಹೇಳುವ ಬಣ್ಣ ಹೋಗಿ ಕಣ್ಣಿಗೆ ಕಾಣುವ ಬಣ್ಣ ಉಳಿಯುತ್ತದೆ. ಬಿಳಿ ಬಟ್ಟೆಯ ಮಡಿಕೆಯ ಮೇಲೆ ರಟ್ಟನ್ನಿಟ್ಟು ನೋಡಿದ ದಿನ ನನಗೆ ಅಚ್ಚರಿಯಾಯಿತು: ಬಿಳಿಯೆಂದುಕೊಂಡ ಆ ಜಾಗ ಮಳೆಮೋಡದ ಬಣ್ಣಕ್ಕಿತ್ತು, ಮಡಿಕೆಯ ಬುಡದಲ್ಲಿ ಪಕ್ಕದ ಮರದ ಮೇಜಿನಿಂದ ಚಿಮ್ಮಿಬಂದ ತೆಳು ಕಿತ್ತಳೆಯೂ ಇತ್ತು. ಇಡೀ ಬಟ್ಟೆಯಲ್ಲಿ ಶುದ್ಧ ಬಿಳಿ ಎಲ್ಲಿಯೂ ಇರಲಿಲ್ಲ. ಟ್ಯೂಬಿನ ಬಿಳಿಯನ್ನು ಚಮಚದ ಮೇಲಿನ ಅಕ್ಕಿಕಾಳಿನಷ್ಟು ಹೊಳಪಿಗೆ ಕಾಯ್ದಿಟ್ಟುಕೊಂಡದ್ದರಿಂದಲೇ ಆ ಹೊಳಪು ಹೊಳಪಾಯಿತು.

ಹೀಗೆ ಆರಿಸಿದ ಇಪ್ಪತ್ತು ಮೂವತ್ತು ಬಣ್ಣಗಳನ್ನು ಪ್ಯಾಲೆಟ್ ನೈಫಿನಿಂದ ಕಲಸಿ, ಚಿಕ್ಕ ಡಬ್ಬಿಗಳಲ್ಲಿ ಗಾಳಿಯಾಡದಂತೆ ಮುಚ್ಚಿ, ನಂಬರ್ ಹಾಕಿಡಿ. ಪ್ರತಿಯೊಂದರ ಒಂದು ಪಟ್ಟಿಯನ್ನು ಪುಸ್ತಕದಲ್ಲಿ ಬಳಿದು, ಯಾವ ಟ್ಯೂಬಿನಿಂದ ಎಷ್ಟು ಗ್ರಾಂ ತೆಗೆದುಕೊಂಡಿರಿ ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ದಶಾಂಶ ಗ್ರಾಮನ್ನೂ ತೋರಿಸುವ ಚಿಕ್ಕ ತಕ್ಕಡಿ ಇದ್ದರೆ ಡಬ್ಬಿ ಬರಿದಾದಾಗ ಅದೇ ಬಣ್ಣವನ್ನು ಮತ್ತೆ ಕಲಸಬಹುದು. ನೀರಿನಲ್ಲಿ ಕಲಸುವ ಆಕ್ರಿಲಿಕ್ ಬಣ್ಣ ಬಳಸುವವರು ಪಟ್ಟಿ ಒಣಗುವ ತನಕ ಕಾಯಲೇಬೇಕು. ಹಸಿಯಾಗಿರುವಾಗ ಹಾಲಿನಂತೆ ಮಸುಕಾಗಿರುವ ಅದರ ಅಂಟು ಒಣಗಿದಾಗ ತಿಳಿಯಾಗುವುದರಿಂದ ಬಣ್ಣ ತುಸು ಗಾಢವಾಗುತ್ತದೆ. ಹಸಿಬಣ್ಣವನ್ನು ಒಣಬಣ್ಣಕ್ಕೆ ಹೋಲಿಸಿ ಜಗಳವಾಡಿದ ಒಂದು ಸಂಜೆ ನಮಗೂ ನೆನಪಿದೆ.

ಪದರಗಳು ಮತ್ತು ಅಂಚುಗಳು

ಒಬ್ಬರಿಗೆ ಆಕ್ರಿಲಿಕ್, ಇನ್ನೊಬ್ಬರಿಗೆ ತೈಲವರ್ಣ ಇಷ್ಟವಾಗಿದ್ದರೆ ಚಿಂತೆಯಿಲ್ಲ, ಪದರದ ಹಂಚಿಕೆಗೆ ಅದು ಹೊಂದಿಕೊಳ್ಳುತ್ತದೆ. ಕೆಳಗಿನ ಬೂದು ಪದರವನ್ನು ಆಕ್ರಿಲಿಕ್‌ನಲ್ಲಿ ತೆಳುವಾಗಿ ಮುಗಿಸಿ, ಪೂರ್ತಿ ಒಣಗಿದ ಮೇಲೆ ಅದರ ಮೇಲೆ ತೈಲವರ್ಣ ಹಾಕಬಹುದು. ತೈಲದ ಮೇಲೆ ಆಕ್ರಿಲಿಕ್ ಮಾತ್ರ ಎಂದಿಗೂ ಬೇಡ. ಅದು ಕಚ್ಚಿಕೊಳ್ಳದೆ ಎದ್ದುಬರುತ್ತದೆ. ತೈಲದ ಪದರಗಳಲ್ಲಿಯೂ ಮೊದಲಿನವುಗಳಲ್ಲಿ ಎಣ್ಣೆ ಕಡಿಮೆ, ಮೇಲಿನವುಗಳಲ್ಲಿ ಹೆಚ್ಚು ಇರಬೇಕು. ಅದು ತಿರುವುಮುರುವಾದರೆ ಮೇಲಿನದು ಮೊದಲು ಗಟ್ಟಿಯಾಗಿ, ಕೆಳಗಿನದು ನಿಧಾನವಾಗಿ ಒಣಗುತ್ತ ಅದನ್ನು ಬಿರುಕುಬಿಡಿಸುತ್ತದೆ. ಯಾರು ಯಾವ ಪದರಕ್ಕೆ ಎಷ್ಟು ಎಣ್ಣೆ ಸೇರಿಸಿದರೆಂದು ಅದೇ ಪುಸ್ತಕದಲ್ಲಿ ಬರೆದಿಡುವುದು ಈ ಕಾರಣಕ್ಕೆ ಅಗತ್ಯ. ಇಬ್ಬರ ನೆನಪು ಎಂದೂ ಒಂದೇ ಆಗಿರುವುದಿಲ್ಲ.

ಬೂದು ಪದರಕ್ಕೆ ಬಿಳಿಯಿಂದ ಕಪ್ಪಿನವರೆಗೆ ಒಂಬತ್ತು ಮೆಟ್ಟಿಲುಗಳ ಛಾಯಾಪಟ್ಟಿಯೊಂದನ್ನು ಮಾಡಿ, ಇಬ್ಬರೂ ನಂಬರಿನಲ್ಲಿಯೇ ಮಾತಾಡುವುದನ್ನು ರೂಢಿಸಿಕೊಳ್ಳಿ. ‘ಇನ್ನೂ ಸ್ವಲ್ಪ ಕಪ್ಪಾಗಬೇಕು’ ಎಂಬ ಮಾತಿಗೆ ಇಬ್ಬರ ಮನಸ್ಸಿನಲ್ಲಿ ಎರಡು ಅರ್ಥ. ‘ಅದು ಆರಲ್ಲ, ಏಳು’ ಎಂದರೆ ಒಂದೇ ಅರ್ಥ.

ಗಾಜಿನ ಲೋಟವನ್ನು ಹೇಗೆ ಬರೆಯಬೇಕೆಂದು ಕೇಳುವವರಿಗೆ ನನ್ನ ಉತ್ತರ, ಲೋಟವನ್ನು ಬರೆಯಬೇಡಿ, ಅದರೊಳಗೆ ಕಾಣುವ ಆಕಾರಗಳನ್ನು ಬರೆಯಿರಿ ಎಂಬುದು. ನೀರು ತುಂಬಿದ ಲೋಟ ಒಂದು ಲೆನ್ಸ್‌ನಂತೆ ವರ್ತಿಸಿ ಹಿಂದಿರುವುದನ್ನು ಎಡಬಲ ಅದಲುಬದಲು ಮಾಡಿ ತೋರಿಸುತ್ತದೆ; ಎಡಗಡೆಯ ಕಿಟಕಿಯ ಬೆಳಕು ಬಲ ಅಂಚಿನಲ್ಲಿ ಕಂಡರೆ ಅದನ್ನು ತಿದ್ದಲು ಹೋಗಬೇಡಿ. ನೀರಿನ ಮಟ್ಟ ಗಾಜನ್ನು ಮುಟ್ಟುವಲ್ಲಿ ಕೂದಲೆಳೆಯಷ್ಟು ಕಪ್ಪುಗೆರೆ, ಅದಕ್ಕೆ ಅಂಟಿಕೊಂಡೇ ಬೆಳ್ಳಿಗೆರೆ ಇರುತ್ತದೆ. ಚಮಚದ ಹಿಡಿ ಅಲ್ಲಿಯೇ ಮುರಿದಂತಾಗಿ ತುಸು ಪಕ್ಕಕ್ಕೆ ಸರಿದು, ನೀರಿನೊಳಗೆ ದಪ್ಪವಾಗಿ ಮುಂದುವರಿಯುತ್ತದೆ. ಬಟ್ಟೆಯ ಮೇಲೆ ಬಿದ್ದ ಲೋಟದ ನೆರಳಿನ ನಡುವೆ ಬಿಸಿಲಿನ ಚೂರಿನಂತಹ ಒಂದು ಬೆಳಕಿನ ಗೆರೆ ಇರುತ್ತದೆ; ಅದನ್ನು ಮರೆತವರ ಲೋಟ ಗಾಜಿನದಾಗದೆ ತಗಡಿನದಾಗುತ್ತದೆ.

ಅಂಚುಗಳ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಚಿತ್ರವು ಫೋಟೋದಂತೆ ಕಾಣಲು ವಿವರಗಳಿಗಿಂತ ಹೆಚ್ಚು ಕಾರಣ ಅಂಚುಗಳೇ. ಲೆನ್ಸ್ ಒಂದು ದೂರವನ್ನು ಮಾತ್ರ ಸ್ಪಷ್ಟವಾಗಿ ಹಿಡಿದು ಅದರ ಹಿಂದುಮುಂದನ್ನು ಮಸುಕಾಗಿಸುತ್ತದೆ. ಚಕ್ ಕ್ಲೋಸ್ ಬರೆದ ಆ ದೊಡ್ಡ ಮುಖಗಳಲ್ಲಿ ಕಣ್ಣುಗಳು ಹರಿತವಾಗಿದ್ದು ಕಿವಿಯ ಕಡೆಗೆ ಹೋದಂತೆ ಎಲ್ಲವೂ ಮಸುಕಾಗುವುದನ್ನು ಕಾಣಬಹುದು. ನಮ್ಮ ಚಿತ್ರದಲ್ಲಿ ಲೋಟದ ಮುಂದಿನ ಅಂಚು ಹರಿತ, ಹಿಂದಿನ ಅಂಚು ಮೃದು, ಬಟ್ಟೆಯ ದೂರದ ಮಡಿಕೆಗಳಿಗೆ ಅಂಚೇ ಇಲ್ಲ. ಒಣಗಿದ, ಮೆತ್ತನೆಯ ದುಂಡು ಕುಂಚದಿಂದ ಹಸಿಬಣ್ಣದ ಗಡಿಯನ್ನು ಉಸಿರು ತಾಕಿದಷ್ಟು ಹಗುರವಾಗಿ ಸವರಿದರೆ ಈ ಮೃದುತ್ವ ಬರುತ್ತದೆ. ಈ ಕೆಲಸದಲ್ಲಿ ಇಬ್ಬರ ಕೈ ಭಾರ ಒಂದೇ ಆಗಿರುವುದು ಅಪರೂಪ. ಹಾಗಾಗಿಯೇ ಕೊನೆಯ ಸುತ್ತು ಒಬ್ಬರದಾಗಿರಲಿ ಎಂದು ಆರಂಭದಲ್ಲಿ ಒತ್ತಿ ಹೇಳಿದೆ.

ತಪ್ಪನ್ನು ಹೇಳುವ ಬಗೆ

ಗಂಡಹೆಂಡಿರ ನಡುವೆ ಕುಂಚದ ಮಾತು ಬೇಗನೆ ಸಂಸಾರದ ಮಾತಾಗುತ್ತದೆ. ಅದನ್ನು ತಡೆಯಲು ನಾವು ಕೆಲವು ನಿಯಮಗಳನ್ನು ಇಟ್ಟುಕೊಂಡಿದ್ದೇವೆ. ಒಬ್ಬರು ಬರೆಯುತ್ತಿರುವಾಗ ಇನ್ನೊಬ್ಬರು ಬೆನ್ನ ಹಿಂದೆ ನಿಂತು ಏನನ್ನೂ ಹೇಳುವಂತಿಲ್ಲ. ದಿನದ ಕೆಲಸ ಮುಗಿದ ಮೇಲೆ ಇಬ್ಬರೂ ಮೂರು ಮೀಟರ್ ಹಿಂದೆ ನಿಂತು, ಕನ್ನಡಿಯಲ್ಲಿ ಚಿತ್ರವನ್ನು ನೋಡುತ್ತೇವೆ. ಎಡಬಲ ತಿರುಗಿದ ಚಿತ್ರ ಅಪರಿಚಿತವಾಗಿ ಕಾಣುವುದರಿಂದ ತಪ್ಪು ತಾನೇ ಮುಂದೆ ಬರುತ್ತದೆ. ಆಮೇಲೆ ಹೇಳುವ ಮಾತು ಜಾಗ, ನಂಬರ್ ಮತ್ತು ದಿಕ್ಕಿನಲ್ಲಿರಬೇಕು. ಒಮ್ಮೆ ನಾನು, “ರೀ, ಆ ಚಮಚ ಯಾಕೋ ಸರಿಯಿಲ್ಲ” ಎಂದೆ. “ಯಾಕೋ ಅಂದರೆ ನಾನೇನು ತಿದ್ದಲಿ? ಎಲ್ಲಿ, ಎಷ್ಟು, ಅದನ್ನು ಹೇಳು” ಎಂದರು. ರಟ್ಟು ಹಿಡಿದು ನೋಡಿದರೆ ಹಿಡಿಯ ಮೇಲ್ಭಾಗ ನಾಲ್ಕಿರಬೇಕಾದಲ್ಲಿ ಮೂರಿತ್ತು. ಐದು ನಿಮಿಷದಲ್ಲಿ ಸರಿಹೋಯಿತು. ಒಪ್ಪಿಗೆಯಾಗದಿದ್ದಾಗ ಮುದ್ರಿತ ಫೋಟೋದ ಮಾತೇ ಕೊನೆ. ಫೋಟೋವೂ ತೀರ್ಮಾನ ಕೊಡದಿದ್ದರೆ ಆ ಪದರ ಯಾರದೋ ಅವರ ಮಾತು ಕೊನೆ.

ಮುಗಿಸುವಾಗ

ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಯ ಬಗ್ಗೆ ಎಚ್ಚರವಿರಲಿ. ತೈಲವರ್ಣ ಒಣಗುವುದು ನೀರಿನಂತೆ ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕದೊಂದಿಗೆ ಕೂಡಿ. ಆಗ ಶಾಖ ಹುಟ್ಟುತ್ತದೆ. ಮುದ್ದೆಯಾಗಿ ಬಿಟ್ಟ ಬಟ್ಟೆಯಲ್ಲಿ ಆ ಶಾಖ ಹೊರಹೋಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಪ್ರತಿದಿನ ಅಂತಹ ಬಟ್ಟೆಗಳನ್ನು ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿ. ಇದನ್ನು ‘ಇನ್ನೊಬ್ಬರು ಮಾಡಿರುತ್ತಾರೆ’ ಎಂದು ಬಿಟ್ಟುಬಿಡುವುದೇ ಇಬ್ಬರಿರುವ ಕೋಣೆಯ ಅಪಾಯ. ಯಾರ ಪಾಲಿನ ಕೆಲಸವೆಂದು ಗೋಡೆಯ ಮೇಲೆ ಬರೆದು ಅಂಟಿಸಿ.

ತೈಲಚಿತ್ರಕ್ಕೆ ವಾರ್ನಿಷ್ ಹಾಕಲು ಆರು ತಿಂಗಳಿಂದ ಒಂದು ವರ್ಷ ಕಾಯುವುದು ವಾಡಿಕೆ. ಅಲ್ಲಿಯವರೆಗೆ ಧೂಳು ಕೂರದಂತೆ, ಆದರೆ ಗಾಳಿಯಾಡುವಂತೆ ಇಡಿ. ವಾರ್ನಿಷ್ ಹಚ್ಚಿದಾಗ ಕೆಲವೆಡೆ ಮಂಕು, ಕೆಲವೆಡೆ ಹೊಳಪಾಗಿದ್ದ ಮೇಲ್ಮೈ ಒಂದೇ ಸಮನಾಗುತ್ತದೆ, ಎರಡು ಕೈಗಳ ನಡುವೆ ಉಳಿದಿದ್ದ ಕೊನೆಯ ವ್ಯತ್ಯಾಸವೂ ಬಹುಮಟ್ಟಿಗೆ ಕರಗುತ್ತದೆ.

ಸಹಿಯನ್ನು ನಾವು ಮುಂಭಾಗದಲ್ಲಿ ಹಾಕುವುದಿಲ್ಲ. ಫೋಟೋದಂತಹ ಮೇಲ್ಮೈಯ ಮೇಲೆ ಅಕ್ಷರಗಳು ಕಣ್ಣನ್ನು ತಡೆದು ನಿಲ್ಲಿಸುತ್ತವೆ. ಕ್ಯಾನ್ವಾಸಿನ ಹಿಂದಿನ ಮರದ ಚೌಕಟ್ಟಿನ ಮೇಲೆ ಇಬ್ಬರ ಹೆಸರು, ವರ್ಷ, ಬಳಸಿದ ಬಣ್ಣಗಳು ಮತ್ತು ವಾರ್ನಿಷ್‌ನ ವಿವರಗಳನ್ನು ಬರೆಯುತ್ತೇವೆ. ಮುಂದೆಂದೋ ಚಿತ್ರವನ್ನು ಶುಚಿಗೊಳಿಸುವವರಿಗೆ ಆ ವಿವರ ಬೇಕಾಗುತ್ತದೆ. ಯಾರು ಯಾವ ಪದರ ಬರೆದರು ಎಂಬುದನ್ನು ಮಾತ್ರ ಅಲ್ಲಿ ಬರೆಯುವುದಿಲ್ಲ, ಅದು ಬಣ್ಣದ ಪುಸ್ತಕದಲ್ಲಿಯೇ ಇರುತ್ತದೆ.